1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಕಟ್ಟಿದ ಲಂಡನ್ ಹೊರವಲಯದ ಹೊಸ ಮನೆಗಳಲ್ಲೂ ಟೈಫಾಯಿಡ್ ಯಾಕೆ ನಿಲ್ಲಲಿಲ್ಲ?

ಜಲರೇಖೆ (ಪ್ರಶ್ನೆ)

ವಿಕ್ಟೋರಿಯಾ ರಾಣಿಯ ಕಾಲದ ನೈರ್ಮಲ್ಯ ಸುಧಾರಣೆ ಅಂದರೆ ಎಲ್ಲರೂ 1858ರ ಥೇಮ್ಸ್ ದುರ್ನಾತ, ಎಂಜಿನಿಯರ್ ಬ್ಯಾಜಲ್ಜೆಟ್ ಕಟ್ಟಿಸಿದ ಮಹಾಚರಂಡಿ, ಇಷ್ಟು ಹೇಳಿ ಮುಗಿಸಿಬಿಡುತ್ತಾರೆ. ನನಗೆ ಬೇಕಿರುವುದು ಊರ ನಡುವಿನ ಕಥೆಯಲ್ಲ, ಅಂಚಿನದು: ಕ್ರಾಯ್ಡನ್, ವೆಸ್ಟ್ ಹ್ಯಾಮ್, ವಿಲ್ಸ್‌ಡನ್, ಟಾಟನ್‌ಹ್ಯಾಮ್ ತರಹದ ಕಡೆಗಳು. ಅಲ್ಲಿ ಮನೆಗಳೆಲ್ಲ ಹೊಸವು, ಪೈಪುಗಳು ಹೊಸವು, ಕಾಯ್ದೆಯೂ ಇತ್ತು. ಆದರೂ ಟೈಫಾಯಿಡ್, ಡಿಫ್ತೀರಿಯಾ ಮತ್ತೆ ಮತ್ತೆ ಬಂದವು. ತಪ್ಪಿದ್ದು ಕಾನೂನಿನಲ್ಲೋ, ಕಟ್ಟಡದಲ್ಲೋ, ಕುಡಿಯುವ ನೀರಿನಲ್ಲೋ? "ಆ ಕಾಲದಲ್ಲಿ ರೋಗಾಣು ಗೊತ್ತಿರಲಿಲ್ಲ" ಎಂಬ ಉತ್ತರ ಬೇಡ. ನೆಲದ ಮೇಲೆ ಏನೇನು ಕೆಟ್ಟಿತ್ತು ಅಂತ ಬಲ್ಲವರು ಬಿಡಿಸಿ ಹೇಳಿ.

ಕಡತಪ್ರಿಯ

ಕಾನೂನಿನ ಭಾಗ ನಾನು ಹೇಳುತ್ತೇನೆ, ಪೈಪಿನದು ಬೇರೆಯವರು ಹೇಳಲಿ.

ಮೊದಲು ಊರು ಮಹಾನಗರದ ಗಡಿಗೆರೆಯ ಯಾವ ಕಡೆ ಅಂತ ನೋಡಿ. 1855ರ ಮೆಟ್ರೊಪೊಲಿಸ್ ಮ್ಯಾನೇಜ್‌ಮೆಂಟ್ ಕಾಯ್ದೆಯಿಂದ ಹ್ಯಾಂಪ್‌ಸ್ಟೆಡ್, ಇಸ್ಲಿಂಗ್ಟನ್, ಕ್ಯಾಂಬರ್‌ವೆಲ್, ಲೂಯಿಶಮ್ ಇವೆಲ್ಲ ಮಹಾನಗರದ ಒಳಗೆ ಬಂದವು. ಅಲ್ಲಿ ವೆಸ್ಟ್ರಿ (ಪ್ಯಾರಿಷ್ ಆಡಳಿತ ಸಭೆ) ಅಥವಾ ಡಿಸ್ಟ್ರಿಕ್ಟ್ ಬೋರ್ಡ್ ಇರುತ್ತಿತ್ತು. ಅದು ಒಬ್ಬ ಆರೋಗ್ಯಾಧಿಕಾರಿಯನ್ನೂ ಒಬ್ಬ ನ್ಯೂಸೆನ್ಸ್ ಇನ್ಸ್‌ಪೆಕ್ಟರನ್ನೂ ನೇಮಿಸಲೇಬೇಕಿತ್ತು. ನೀವು ಹೆಸರಿಸಿದ ನಾಲ್ಕೂ ಕಡೆ ಗೆರೆಯ ಆಚೆಗಿದ್ದವು. ಅವುಗಳಿಗೆ 1848ರ, ಆಮೇಲೆ 1872 ಮತ್ತು 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಗಳು ಅನ್ವಯ. 1848ರದು ಬಹುಮಟ್ಟಿಗೆ ಐಚ್ಛಿಕ: ತೆರಿಗೆದಾರರಲ್ಲಿ ಹತ್ತರಲ್ಲೊಬ್ಬರು ಅರ್ಜಿ ಹಾಕಬೇಕು, ಇಲ್ಲವೇ ಏಳು ವರ್ಷದ ಸರಾಸರಿಯಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ 23 ದಾಟಬೇಕು. ಆಗ ಮಾತ್ರ ಲೋಕಲ್ ಬೋರ್ಡ್, ಅಂದರೆ ಊರಿನದೇ ಆರೋಗ್ಯ ಮಂಡಳಿ. ಹೊರವಲಯದಲ್ಲಿ ಮೊದಮೊದಲು ತೋಟ, ಹೊಲ, ನಾಲ್ಕು ಬಂಗಲೆ ಇರುತ್ತಿದ್ದವು. ಸಾವಿನ ಪ್ರಮಾಣ 23 ಮುಟ್ಟುವ ಹೊತ್ತಿಗೆ ಬೀದಿಗಳೆಲ್ಲ ಕಟ್ಟಿ ಮುಗಿದಿರುತ್ತಿದ್ದವು. ಆರೋಗ್ಯಾಧಿಕಾರಿ ಇಡೀ ದೇಶಕ್ಕೆ ಕಡ್ಡಾಯವಾದದ್ದು 1872ರಲ್ಲಿ.

ಈ ಗೆರೆ ಹೊಲಸು ಉದ್ಯಮಗಳನ್ನೂ ತಳ್ಳಿತು. ಲೀ ನದಿಯ ಪಶ್ಚಿಮಕ್ಕೆ ಲಂಡನ್ನಿನ ನಿಯಮ, ಪೂರ್ವಕ್ಕೆ ವೆಸ್ಟ್ ಹ್ಯಾಮ್. ಮೂಳೆ ಬೇಯಿಸುವವರು, ರಾಸಾಯನಿಕ ಕಾರ್ಖಾನೆಯವರು ನದಿ ದಾಟಿ ಕೂತರು. ಅವರ ಹಿಂದೆಯೇ ಕೂಲಿಕಾರರ ಮನೆಗಳು ಬಂದವು. 1851ರಲ್ಲಿ ಹತ್ತೊಂಬತ್ತು ಸಾವಿರದಷ್ಟಿದ್ದ ವೆಸ್ಟ್ ಹ್ಯಾಮ್ ಜನಸಂಖ್ಯೆ 1901ಕ್ಕೆ 2,67,000 ದಾಟಿತ್ತು. ಆ ವೇಗಕ್ಕೆ ಯಾವ ಬೋರ್ಡೂ ಸಾಲುವುದಿಲ್ಲ.

1875ರ ಕಾಯ್ದೆ ನಿಜಕ್ಕೂ ಒಳ್ಳೆಯ ಕಾಯ್ದೆ. 23ನೇ ಸೆಕ್ಷನ್ ಪ್ರಕಾರ ನೂರು ಅಡಿಯೊಳಗೆ ಸಾರ್ವಜನಿಕ ಒಳಚರಂಡಿ ಇದ್ದರೆ ಮನೆಯ ಮಾಲೀಕ ಅದಕ್ಕೆ ಸೇರಿಸಲೇಬೇಕು. 25ನೇ ಸೆಕ್ಷನ್ ಪ್ರಕಾರ ಚರಂಡಿ ಇಲ್ಲದ ಹೊಸ ಮನೆಯಲ್ಲಿ ವಾಸಕ್ಕೇ ಬಿಡುವಂತಿಲ್ಲ. 1877ರಲ್ಲಿ ಲೋಕಲ್ ಗವರ್ನ್‌ಮೆಂಟ್ ಬೋರ್ಡು (ಊರಿನ ಬೋರ್ಡುಗಳ ಮೇಲಿನ ಕೇಂದ್ರ ಸರ್ಕಾರದ ಇಲಾಖೆ) ಮಾದರಿ ಬೈಲಾ ಹೊರಡಿಸಿತು: ನೂರು ಅಡಿಗಿಂತ ಉದ್ದದ ಗಾಡಿರಸ್ತೆ 36 ಅಡಿ ಅಗಲ, ಮನೆಯ ಹಿಂದೆ ಕನಿಷ್ಠ 150 ಚದರ ಅಡಿ ಬಯಲು, ಕಕ್ಕಸಿನ ಒಂದು ಗೋಡೆಯಾದರೂ ಹೊರಗೋಡೆ, ಅದರಲ್ಲಿ ಎರಡಡಿ–ಒಂದಡಿ ಕಿಟಕಿ, ಗೋಡೆಯಲ್ಲಿ ತೇವ ಏರದಂತೆ ತಡೆಪದರ. ಇಂಗ್ಲೆಂಡಿನ ಊರುಗಳ ಅಂಚಿನಲ್ಲಿ ಇವತ್ತಿಗೂ ಕಾಣುವ ಒಂದೇ ಅಚ್ಚಿನ ಇಟ್ಟಿಗೆ ಮನೆಗಳ ಸಾಲು ಈ ಬೈಲಾದ ಕೂಸು.

ತೂತು ಎಲ್ಲಿತ್ತು ಅಂದರೆ, ಒಂದು, ಬೈಲಾ ಮಾಡಿಕೊಳ್ಳುವುದು ಆಯಾ ಬೋರ್ಡಿಗೆ ಬಿಟ್ಟದ್ದು; ಬೋರ್ಡಿನಲ್ಲಿ ಕೂತವರಲ್ಲಿ ಬಿಲ್ಡರುಗಳು, ಮನೆ ಬಾಡಿಗೆಗೆ ಕೊಡುವವರು ಬೇಕಾದಷ್ಟು. ಎರಡು, 150ನೇ ಸೆಕ್ಷನ್. ಹೊಸ ಬೀದಿ ಮೊದಲು ಖಾಸಗಿ ಸ್ವತ್ತು. ಅದಕ್ಕೆ ಒಳಚರಂಡಿ, ಕಲ್ಲುಹಾಸು, ದೀಪ ಮಾಡಿಸಿ ಎಂದು ಬೋರ್ಡು ಅಕ್ಕಪಕ್ಕದ ಮಾಲೀಕರಿಗೆ ನೋಟಿಸ್ ಕೊಡಬೇಕು, ಅವರು ಮಾಡದಿದ್ದರೆ ತಾನೇ ಮಾಡಿಸಿ ಖರ್ಚು ವಸೂಲಿ ಮಾಡಬೇಕು. ಬಿಲ್ಡರ್ ಅಷ್ಟರಲ್ಲಿ ಮನೆ ಮಾರಿ ಹೋಗಿರುತ್ತಾನೆ, ಕೊಂಡವನು ಕೊಡಲು ಒಲ್ಲೆ ಅನ್ನುತ್ತಾನೆ. ಬೀದಿ "ವಹಿಸಿಕೊಳ್ಳುವ" ತನಕ ವರ್ಷಗಟ್ಟಲೆ ಕೆಸರು, ಕುದುರೆ ಲದ್ದಿ, ನಿಂತ ನೀರು. ಮೂರು, ಸಾಲದ ಮಿತಿ: ಬೋರ್ಡಿನ ಒಟ್ಟು ಸಾಲ ಊರಿನ ತೆರಿಗೆ ಮೌಲ್ಯದ (ತೆರಿಗೆಗಾಗಿ ಮನೆ–ಜಮೀನಿಗೆ ಕಟ್ಟಿದ ವಾರ್ಷಿಕ ಬೆಲೆ) ಎರಡು ವರ್ಷದ ಮೊತ್ತ ಮೀರುವಂತಿಲ್ಲ. ಮನೆ ಇನ್ನೂ ಕಟ್ಟುತ್ತಿರುವ ಊರಿನಲ್ಲಿ ಆ ಮೌಲ್ಯವೇ ಕಡಿಮೆ. ನಾಳೆ ಬರುವವರಿಗೆ ಬೇಕಾದ ದೊಡ್ಡ ಚರಂಡಿಗೆ ಇವತ್ತಿನ ಮೌಲ್ಯದ ಮೇಲೆ ಸಾಲ ಎತ್ತಬೇಕು.

ವಾಟದ_ಮೇಸ್ತ್ರಿ

ಕಡತಪ್ರಿಯ ಅವರು ಹೇಳಿದ್ದೆಲ್ಲ ಸರಿ. ಆದರೆ ಮನೆಯ ಕೆಳಗೆ ಇಳಿದು ನೋಡಿದರೆ ಉತ್ತರ ಇನ್ನೂ ಸುಲಭ: ಜೋಡಣೆ ಕೆಟ್ಟಿತ್ತು.

ಮೆರುಗುಬಳಿದ ಕಲ್ಲುಮಣ್ಣಿನ ಪೈಪು 1840ರ ದಶಕದ ನಡುವಿನಲ್ಲಿ ಬಂತು. ಲ್ಯಾಂಬೆತ್‌ನಲ್ಲಿ ಹೆನ್ರಿ ಡೌಲ್ಟನ್ 1846ರಲ್ಲಿ ಅದಕ್ಕೇ ಕಾರ್ಖಾನೆ ತೆರೆದ. ಪೈಪಿನಲ್ಲಿ ದೋಷವಿಲ್ಲ, ಒಳಮೈ ನುಣುಪು, ನೀರು ಹೀರುವುದಿಲ್ಲ. ಆದರೆ ಒಂದೊಂದು ತುಂಡು ಎರಡೇ ಅಡಿ. ಹಿತ್ತಲ ಕಕ್ಕಸಿನಿಂದ ಮನೆಯ ಅಡಿಯಲ್ಲಿ ಹಾದು ಬೀದಿಗೆ ಐವತ್ತು ಅಡಿ ಅಂದುಕೊಳ್ಳಿ, ಇಪ್ಪತ್ತೈದು ಜೋಡಣೆ ಆಯಿತು. ಸೋವಿ ಕೆಲಸದವರು ಸಾಕೆಟ್ಟಿಗೆ (ಒಂದು ಪೈಪಿನ ತುದಿ ಕೂರುವ ಇನ್ನೊಂದರ ಅಗಲ ಬಾಯಿಗೆ) ಮೆತ್ತುತ್ತಿದ್ದದ್ದು ಹದ ಮಾಡಿದ ಜೇಡಿಮಣ್ಣು. ಅದು ಒಂದೆರಡು ಮಳೆಗಾಲಕ್ಕೆ ಕೊಚ್ಚಿ ಹೋಗುತ್ತದೆ, ಮರದ ಬೇರು ಒಳಗೆ ನುಗ್ಗುತ್ತದೆ. ನೀರು ನೆಲಕ್ಕೆ ಇಂಗಿ ಗಟ್ಟಿ ಮಾತ್ರ ಪೈಪಿನಲ್ಲಿ ಉಳಿಯುತ್ತದೆ. ಮುಂದೆ ಕಟ್ಟಿಕೊಳ್ಳುವುದು ಗ್ಯಾರಂಟಿ.

ಸಿಮೆಂಟ್ ಜೋಡಣೆ ಸರಿಯಾಗಿ ಮಾಡುವ ಕ್ರಮ ಹೀಗೆ. ಸಾಕೆಟ್ ಬಾಯಿ ಮೇಲ್ಗಡೆಗೆ, ಅಂದರೆ ಇಳಿಜಾರಿನ ಎತ್ತರದ ಕಡೆಗೆ ಇರಬೇಕು. ಹಳ್ಳದ ತಳದಲ್ಲಿ ಪ್ರತಿ ಸಾಕೆಟ್ಟಿಗೂ ಸಣ್ಣ ಕುಳಿ ತೋಡಿ ಪೈಪಿನ ಹೊಟ್ಟೆ ಪೂರ್ತಿ ನೆಲಕ್ಕೆ ಕೂರುವಂತೆ ಮಾಡಬೇಕು. ಕುಳಿ ತೋಡದಿದ್ದರೆ ಭಾರವೆಲ್ಲ ಸಾಕೆಟ್ಟಿನ ಮೇಲೆ ಬಿದ್ದು ಪೈಪು ನಡುವೆ ಸೀಳುತ್ತದೆ. ಮೊದಲು ಡಾಂಬರಿನಲ್ಲಿ ಅದ್ದಿದ ಸೆಣಬಿನ ಹುರಿ ಒಂದು ಸುತ್ತು ತುರುಕಬೇಕು, ಆಮೇಲೆ ಪೋರ್ಟ್‌ಲ್ಯಾಂಡ್ ಸಿಮೆಂಟ್. ಹುರಿ ಇಲ್ಲದಿದ್ದರೆ ಸಿಮೆಂಟ್ ಒಳಗೆ ಜಾರಿ ಪೈಪಿನ ಒಳಮೈಯಲ್ಲಿ ಹಲ್ಲಿನಂತೆ ಗಟ್ಟಿಯಾಗುತ್ತದೆ. ಕಾಗದ, ಬಟ್ಟೆ ಚೂರು ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಒಂದೊಂದು ಜೋಡಣೆ ಆದ ಮೇಲೂ ಒಳಗಿನಿಂದ ಬಳಿದು ತೆಗೆಯಬೇಕು. ತೀರಾ ಹೊಸ, "ಬಿಸಿ" ಸಿಮೆಂಟ್ ಹಾಕಿದರೆ ಅದು ಉಬ್ಬಿ ಸಾಕೆಟ್ಟನ್ನೇ ಒಡೆಯುತ್ತದೆ. ಮನೆಯ ಅಡಿಯಲ್ಲಿ ಹಾಯಲೇಬೇಕಾದರೆ ಸುತ್ತಲೂ ಆರು ಇಂಚು ಕಾಂಕ್ರೀಟು.

ಇನ್ನು ವಾಟ, ಅಂದರೆ ಇಳಿಜಾರು. ನಾಲ್ಕು ಇಂಚಿನ ಪೈಪಿಗೆ 40ಕ್ಕೆ 1, ಆರಕ್ಕೆ 60ಕ್ಕೆ 1, ಒಂಬತ್ತಕ್ಕೆ 90ಕ್ಕೆ 1. ಇದು ಆ ಕಾಲದವರ ಬಾಯಿಲೆಕ್ಕ, ಈಗಲೂ ಕೆಟ್ಟದ್ದಲ್ಲ. ಹೊರವಲಯದ ಬಿಲ್ಡರ್‌ಗಳು ಎರಡೂ ದಿಕ್ಕಿನಲ್ಲಿ ಎಡವಿದರು. ಅಗ್ಗದ ಮನೆಗೆ ವಾಟವೇ ಇಲ್ಲ. ಶ್ರೀಮಂತರ ಬಂಗಲೆಗೆ "ದೊಡ್ಡದಿದ್ದಷ್ಟೂ ಒಳ್ಳೆಯದು" ಅಂತ ಒಂಬತ್ತು ಇಂಚಿನ ಪೈಪು. ಒಂದು ಸಂಸಾರದ ನೀರು ಒಂಬತ್ತು ಇಂಚಿನಲ್ಲಿ ತಳಕ್ಕೆ ತೆಳ್ಳಗೆ ಹರಡಿಕೊಂಡು ಹರಿಯುತ್ತದೆ, ಗಟ್ಟಿಯನ್ನು ಎಳೆದೊಯ್ಯುವ ಶಕ್ತಿ ಇರುವುದಿಲ್ಲ. ಅದು ಚರಂಡಿ ಅಲ್ಲ, ಉದ್ದುದ್ದದ ಮಲಗುಂಡಿ. ಅದರ ಮೇಲೆ ನೀರಿನ ಕಂಪನಿಗಳು ಫ್ಲಶ್ಶಿಗೆ ಎರಡು ಗ್ಯಾಲನ್‌ಗಿಂತ ಹೆಚ್ಚು ಬಿಡಬಾರದೆಂದು ಲಂಡನ್ನಿನಲ್ಲಿ ನಿಯಮ ಮಾಡಿಸಿದ್ದವು. ಉದ್ದ ಚರಂಡಿಗೆ ಎರಡು ಗ್ಯಾಲನ್ ಯಾವ ಮೂಲೆಗೆ?

ಕಮೋಡು: 1870ರವರೆಗೂ ಪ್ಯಾನ್ ಕ್ಲೋಸೆಟ್ ಎಲ್ಲೆಲ್ಲೂ. ಮೇಲೆ ಬೋಗುಣಿ, ಕೆಳಗೆ ಮಗುಚುವ ತಾಮ್ರದ ತಟ್ಟೆ, ಅದರ ಕೆಳಗೆ ಎಂದೂ ಯಾರೂ ತೊಳೆಯಲಾಗದ ಎರಕದ ಕಬ್ಬಿಣದ ಡಬ್ಬ. ಹಿಡಿ ಎಳೆದಾಗಲೆಲ್ಲ ಆ ಡಬ್ಬದ ಗಾಳಿ ಕೋಣೆಗೆ. ಕೆಳಗೆ ಸೀಸದ ಡಿ-ಟ್ರ್ಯಾಪ್ (ಚರಂಡಿ ಗಾಳಿ ತಡೆಯಲು ನೀರು ನಿಲ್ಲಿಸುವ ಪೆಟ್ಟಿಗೆ), ಅದರ ಮೂಲೆಗಳಲ್ಲೂ ಕೊಳೆ. 1880ರ ದಶಕದಲ್ಲಿ ಒಂದೇ ಪಿಂಗಾಣಿ ತುಂಡಿನ ವಾಶ್‌ಡೌನ್ ಕಮೋಡು ಬಂದ ಮೇಲೆ ಈ ಕಾಟ ತಪ್ಪಿತು.

ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ತಪ್ಪು ಮಾತ್ರ ಬೇರೆ: ಕುಡಿಯುವ ನೀರಿನ ತೊಟ್ಟಿಯ ಓವರ್‌ಫ್ಲೋ ಪೈಪನ್ನು ಹೊರಗೋಡೆಗೆ ಬಿಡದೆ ನೇರ ಕಕ್ಕಸಿನ ಪೈಪಿಗೆ ಸೇರಿಸುವುದು. ಪ್ಲಂಬರ್‌ಗೆ ನಾಲ್ಕಡಿ ಸೀಸ ಉಳಿತಾಯ. ಹಳೆಯ ನಕ್ಷೆಗಳಲ್ಲಿ ಇದನ್ನು ಹುಡುಕಿ, ಬೇಕಾದಷ್ಟು ಸಿಗುತ್ತದೆ.

ಬಾವಿಕಟ್ಟೆ

ಇಬ್ಬರೂ ಚರಂಡಿಯನ್ನೇ ಹಿಡಿದುಕೊಂಡಿದ್ದೀರಿ. ಟೈಫಾಯಿಡ್ ಹೊಟ್ಟೆಗೆ ಹೋಗುವುದು ಬಾಯಿಂದ. ಆದ್ದರಿಂದ ನೀರು, ಹಾಲು.

ದಕ್ಷಿಣ ಲಂಡನ್ನಿನ 1854ರ ಕಾಲರಾ ಲೆಕ್ಕ ಇದಕ್ಕೆ ಅಡಿಪಾಯ. ಒಂದೇ ಬೀದಿಯಲ್ಲಿ ಎರಡು ಕಂಪನಿಯ ನೀರು. ಲ್ಯಾಂಬೆತ್ ಕಂಪನಿ 1852ರಲ್ಲೇ ತನ್ನ ನೀರೆತ್ತುವ ಜಾಗವನ್ನು ಥೇಮ್ಸ್ ಡಿಟನ್ ಬಳಿಗೆ, ಭರತದ (ಕಡಲ ಉಬ್ಬರದ) ನೀರು ತಲುಪದ ಕಡೆಗೆ ಸರಿಸಿತ್ತು. ಸದರ್ಕ್–ವಾಕ್ಸ್‌ಹಾಲ್ ಕಂಪನಿ ಬ್ಯಾಟರ್‌ಸಿಯಲ್ಲೇ ಎತ್ತುತ್ತಿತ್ತು. ಮೊದಲ ಏಳು ವಾರದಲ್ಲಿ ಹತ್ತು ಸಾವಿರ ಮನೆಗೆ ಸಾವು ಲ್ಯಾಂಬೆತ್ ಗಿರಾಕಿಗಳಲ್ಲಿ 37, ಇನ್ನೊಂದರಲ್ಲಿ 315. ವೈದ್ಯ ಜಾನ್ ಸ್ನೋ ಮನೆ ಮನೆ ತಿರುಗಿ ಯಾವ ಮನೆಗೆ ಯಾವ ನೀರು ಎಂದು ಪತ್ತೆ ಮಾಡಿದ. ಬಾಡಿಗೆದಾರರಿಗೇ ಗೊತ್ತಿಲ್ಲದ ಕಡೆ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ಉಪ್ಪಿನಂಶ ನೋಡಿದ: ಭರತದ ನೀರಿನಲ್ಲಿ ಉಪ್ಪು ಎಷ್ಟೋ ಪಾಲು ಹೆಚ್ಚು, ಬೆಳ್ಳಗೆ ಗಸಿ ಕೂರುತ್ತದೆ.

1852ರ ಕಾಯ್ದೆ 1855ರ ಆಗಸ್ಟ್ 31ರಿಂದ ಟೆಡಿಂಗ್ಟನ್ ಕಟ್ಟೆಯ (ಭರತ ಏರುವ ಕೊನೆಯ ಜಾಗ) ಕೆಳಗಿನ ಥೇಮ್ಸ್ ನೀರನ್ನು ಮನೆಗೆ ಕೊಡಬಾರದು, ಸೋಸಿಯೇ ಕೊಡಬೇಕು ಅಂತ ಮಾಡಿತು. ಸೋಸಿದ ನೀರಿನ ಜಲಾಶಯ ಮುಚ್ಚಿರಬೇಕೆಂದೂ ಇತ್ತು. ಅದನ್ನು ಮುರಿದರೆ ಏನಾಗುತ್ತದೆಂದು 1866ರಲ್ಲಿ ಗೊತ್ತಾಯಿತು. ಈಸ್ಟ್ ಲಂಡನ್ ಕಂಪನಿ ಓಲ್ಡ್ ಫೋರ್ಡಿನ ತೆರೆದ ಕೊಳದ ನೀರನ್ನು ಸೋಸದೆ ಬಿಟ್ಟಿತು. ಕಾಲರಾ ಬಹುಪಾಲು ಅದರ ಗಿರಾಕಿಗಳಲ್ಲೇ ಸ್ಫೋಟಿಸಿತು. ಬ್ಯಾಜಲ್ಜೆಟ್ ಚರಂಡಿ ಊರಿನ ಉಳಿದ ಭಾಗಗಳಲ್ಲಿ ಓಡುತ್ತಿತ್ತು, ಪೂರ್ವದಲ್ಲಿ ಮಾತ್ರ ಇನ್ನೂ ಮುಗಿದಿರಲಿಲ್ಲ. ಆಬಿ ಮಿಲ್ಸ್ ಪಂಪು ಶುರುವಾದದ್ದು 1868ರಲ್ಲಿ.

ಟೈಫಾಯಿಡ್ಡಿಗೆ ಬಂದರೆ, ಹೊರವಲಯಕ್ಕೆ ಸರಿಯಾಗಿ ಹೊಂದುವ ಉದಾಹರಣೆ ಸರ್ರೆಯ ಕೇಟರಮ್ ಮತ್ತು ರೆಡ್‌ಹಿಲ್, 1879ರ ಜನವರಿ–ಫೆಬ್ರವರಿ. ಸುಣ್ಣಕಲ್ಲಿನ ಆಳದ ಬಾವಿ, ಅದಕ್ಕಿಂತ ಶುದ್ಧ ನೀರಿಲ್ಲ ಅನ್ನುವಂಥದ್ದು. ಕಂಪನಿ ಒಂದು ಬಾವಿಯಿಂದ ಇನ್ನೊಂದಕ್ಕೆ ಸುರಂಗ ತೋಡಿಸುತ್ತಿತ್ತು. ಕೆಲಸಗಾರನೊಬ್ಬನಿಗೆ ಸೌಮ್ಯ ಟೈಫಾಯಿಡ್, ಹಾಸಿಗೆ ಹಿಡಿಯುವಷ್ಟಿಲ್ಲ. ಭೇದಿ ತಡೆಯಲಾಗದೆ ಸುರಂಗದಲ್ಲೇ, ಮಣ್ಣೆತ್ತುವ ಬಕೆಟ್ಟಿಗೆ. ಬಕೆಟ್ ಮೇಲೇರುವಾಗ ತುಳುಕುತ್ತಿತ್ತು. ಎರಡು ವಾರ ಕಳೆಯುತ್ತಿದ್ದಂತೆ ಜ್ವರ ಶುರು: 352 ಜನಕ್ಕೆ ರೋಗ, 21 ಸಾವು. ಅದೇ ಕೇಟರಮ್‌ನಲ್ಲಿ ಸುಮಾರು 2,000 ಜನರಿದ್ದ ಮಾನಸಿಕ ಆಶ್ರಮ, ಸೈನಿಕರ ಬ್ಯಾರಕ್ಕು ಬೇರೆ ಬಾವಿಯ ನೀರು ಕುಡಿಯುತ್ತಿದ್ದವು, ಅಲ್ಲಿಗೆ ರೋಗ ತಟ್ಟಲಿಲ್ಲ. ಲೋಕಲ್ ಗವರ್ನ್‌ಮೆಂಟ್ ಬೋರ್ಡಿನ ವೈದ್ಯ ರಿಚರ್ಡ್ ಥಾರ್ನ್ ಥಾರ್ನ್ ಇದನ್ನು ಬಿಡಿಸಿದವರು. ಜರ್ಮನ್ ವಿಜ್ಞಾನಿ ಎಬರ್ತ್ ಈ ರೋಗದ ಬ್ಯಾಸಿಲಸ್ ಕಂಡದ್ದು 1880ರಲ್ಲಿ. ಅಂದರೆ ರೋಗಾಣು ಕಾಣದೆಯೇ ದಾರಿ ಗೊತ್ತಾಗಿತ್ತು.

ಇನ್ನೊಂದು, ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಿಡುವ ನೀರು. ಮುಖ್ಯ ಪೈಪು ಖಾಲಿಯಾದಾಗ ಅದರೊಳಗೆ ಒತ್ತಡ ಇಳಿದು ಹೀರುವಿಕೆ ಆಗುತ್ತದೆ. ಕಕ್ಕಸಿಗೆ ತೊಟ್ಟಿ ಇಲ್ಲದೆ ನೇರ ನಲ್ಲಿ ಕೊಟ್ಟಿದ್ದರೆ, ಅಥವಾ ಸೋರುವ ನೀರಿನ ಪೈಪು ಸೋರುವ ಚರಂಡಿಯ ಪಕ್ಕ ಒಂದೇ ಹಳ್ಳದಲ್ಲಿ ಮಲಗಿದ್ದರೆ, ಕೊಳೆ ಒಳಗೆ. ಹಳ್ಳ ಒಂದೇ ತೋಡಿದರೆ ಕೂಲಿ ಉಳಿಯುತ್ತದಲ್ಲ! ಇಪ್ಪತ್ತನಾಲ್ಕು ಗಂಟೆಯೂ ಒತ್ತಡದಲ್ಲಿರುವ ನೀರು ಬಂದ ಮೇಲೆಯೇ ಈ ದಾರಿ ಮುಚ್ಚಿದ್ದು.

ಹಾಲಿನ ಬಗ್ಗೆ ಚುಟುಕಾಗಿ: 1870ರಲ್ಲಿ ಇಸ್ಲಿಂಗ್ಟನ್ ಆರೋಗ್ಯಾಧಿಕಾರಿ ಎಡ್ವರ್ಡ್ ಬ್ಯಾಲರ್ಡ್ ಒಂದೇ ಡೈರಿಯಿಂದ ಹಾಲು ತರಿಸುವ ಗಿರಾಕಿಗಳಲ್ಲೇ ಟೈಫಾಯಿಡ್ ಗುಂಪುಗೂಡಿದ್ದನ್ನು ಪತ್ತೆ ಮಾಡಿದರು. ಡೈರಿಯ ನೆಲದಡಿಯ ನೀರಿನ ಸಂಪಿಗೂ ಚರಂಡಿಗೂ ನಡುವೆ ಇಲಿ ಬಿಲ.

ಕಡತಪ್ರಿಯ

ಬಾವಿಕಟ್ಟೆಯವರೇ, ಒಪ್ಪಿದೆ, ಒಂದು ತಕರಾರು ಇದೆ. ಆಗಿನ ಆರೋಗ್ಯಾಧಿಕಾರಿಗಳು ಹೆಚ್ಚಿನವರು ಚರಂಡಿ ಗಾಳಿಯಿಂದಲೇ ಜ್ವರ ಅಂತ ನಂಬಿದ್ದರು. ಆ ನಂಬಿಕೆ ಸುಳ್ಳಾದರೂ ಅದರಿಂದ ಆದ ಕೆಲಸ ಸುಳ್ಳಲ್ಲ. ಗಾಳಿ ಬಾರದಂತೆ ಮಾಡಬೇಕೆಂದು ಬಿಗಿ ಜೋಡಣೆ, ಟ್ರ್ಯಾಪ್, ಬೇರೆ ಬೇರೆ ತೊಟ್ಟಿ ಮಾಡಿಸಿದರು. ನೀರೂ ಅದರಿಂದ ಕೆಡದೆ ಉಳಿಯಿತು.

ಕ್ರಾಯ್ಡನ್ ಇದಕ್ಕೆ ಸಾಕ್ಷಿ, ಎರಡೂ ಕಡೆಗೆ. 1849ರಲ್ಲೇ ಲೋಕಲ್ ಬೋರ್ಡ್ ಆದ ಊರು, ನೈರ್ಮಲ್ಯ ಸುಧಾರಕ ಚಾಡ್ವಿಕ್ ಪಾಲಿಗೆ ಮಾದರಿ: ಹೊಸ ನೀರು, ಸಣ್ಣ ಪೈಪಿನ ಒಳಚರಂಡಿ. ಕೆಲಸ ಮುಗಿದ ಬೆನ್ನಿಗೇ 1852–53ರಲ್ಲಿ ಜ್ವರ ಬಡಿಯಿತು, ವಿಚಾರಣೆಗೆ ಡಾಕ್ಟರ್ ಆರ್ನಟ್ ಮತ್ತು ಎಂಜಿನಿಯರ್ ಪೇಜ್ ಬಂದರು. ಪೈಪು ಪದೇ ಪದೇ ಕಟ್ಟಿಕೊಂಡಿದ್ದವು. ಪೈಪು ಸಣ್ಣದಾದ್ದೇ ತಪ್ಪು ಅಂತ ಇಟ್ಟಿಗೆ ಚರಂಡಿ ಪಕ್ಷದವರು ಕುಣಿದರು. ಕೆಲಸವೇ ಕಳಪೆ ಅಂತ ಚಾಡ್ವಿಕ್ ಪಕ್ಷ. ವಾಟದ ಮೇಸ್ತ್ರಿಯವರು ಯಾವ ಪಕ್ಷವೋ ಕೇಳಬೇಕಿಲ್ಲ.

ಜಲರೇಖೆ

ತುಂಬಾ ಉಪಕಾರ. ಎರಡು ಸಣ್ಣ ಪ್ರಶ್ನೆ ಉಳಿದವು. ನೆಲದಡಿಯ ಪೈಪು ಸೋರುತ್ತಿದೆ ಅಂತ ಇನ್ಸ್‌ಪೆಕ್ಟರ್ ಅಗೆಯದೆ ಹೇಗೆ ಕಂಡುಹಿಡಿಯುತ್ತಿದ್ದ? ಬೀದಿಯ ಚರಂಡಿಯಿಂದ ಆಚೆಗೆ ಈ ಕೊಳೆಯೆಲ್ಲ ಎಲ್ಲಿಗೆ ಹೋಗುತ್ತಿತ್ತು? ಬ್ಯಾಜಲ್ಜೆಟ್ ಚರಂಡಿಗೆ ಸೇರಿಸಲು ಹೊರಗಿನವರಿಗೆ ಹಕ್ಕಿರಲಿಲ್ಲವಲ್ಲ.

ಬಾವಿಕಟ್ಟೆ

ಎರಡನೆಯದಕ್ಕೆ ನಾನು. ಹಕ್ಕಿರಲಿಲ್ಲ, ಅದೇ ದೊಡ್ಡ ತೊಡಕು. ಥೇಮ್ಸಿಗೆ ಬಿಡುವಂತಿಲ್ಲ, 1876ರ ನದಿ ಮಾಲಿನ್ಯ ಕಾಯ್ದೆಯಿಂದ ಉಳಿದ ಹೊಳೆಗಳಿಗೂ ತಡೆ. ಕ್ರಾಯ್ಡನ್ 1860ರ ದಶಕದಿಂದ ಬೆಡಿಂಗ್ಟನ್‌ನಲ್ಲಿ ಹೊಲಕ್ಕೆ ಹಾಯಿಸಿತು. ರೈಗ್ರಾಸ್ ಹುಲ್ಲು ಚೆನ್ನಾಗಿ ಬೆಳೆಯುತ್ತದೆ. ಆದರೆ ಸಡಿಲ ನೆಲ ಬೇಕು, ಎಕರೆಗೆ ಸುಮಾರು ನೂರು ಜನರ ಕೊಳೆಯಷ್ಟೇ ಹಿಡಿಯುತ್ತದೆ. ಜೇಡಿನೆಲದ ಉತ್ತರ ಲಂಡನ್ನಿನಲ್ಲಿ ಅದು ಜೌಗಾಗಿ ನಾರುತ್ತದೆ. ಮನೆ ಹೆಚ್ಚಿದಂತೆ ಎಕರೆ ಬೆಲೆಯೂ ಏರುತ್ತದೆ, ಅಲ್ಲಿಗೆ ಲೆಕ್ಕ ಕೂಡುವುದಿಲ್ಲ. ಥೇಮ್ಸ್ ಮೇಲ್ದಂಡೆಯ ಊರುಗಳು ಸೇರಿ 1877ರಲ್ಲಿ ಒಂದು ಜಂಟಿ ಚರಂಡಿ ಮಂಡಳಿ ಮಾಡಿಕೊಂಡವು. ಯಾರ ಊರಿನಲ್ಲಿ ಕೊಳೆ ಹಾಕುವುದು ಅಂತ ಜಗಳವಾಡಿಯೇ 1885ರಲ್ಲಿ ಮುಚ್ಚಿತು.

ದಾರಿ ತೋರಿದ್ದು ದಕ್ಷಿಣ ಹೊರವಲಯದ ಸಟನ್. 1896ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ಡಿಬ್ಡಿನ್ ಅಲ್ಲಿ ಸುಟ್ಟ ಜೇಡಿಮಣ್ಣಿನ ಹೆಂಟೆ ತುಂಬಿದ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳಿಗೇ ಕೆಲಸ ಒಪ್ಪಿಸಿದರು. ಇಂಥ ತೊಟ್ಟಿಯ ವೇಳಾಪಟ್ಟಿ ಹೀಗೆ: ತುಂಬಲು ಒಂದು ಗಂಟೆ, ನಿಲ್ಲಿಸಲು ಎರಡು, ಬಸಿಯಲು ಒಂದು, ಖಾಲಿ ಬಿಡಲು ನಾಲ್ಕು, ದಿನಕ್ಕೆ ಮೂರು ಸರದಿ. ಖಾಲಿ ಬಿಡುವ ನಾಲ್ಕು ಗಂಟೆಯೇ ಜೀವಾಳ, ಆಗಲೇ ಗಾಳಿ ಒಳಗೆ ಹೋಗುವುದು. ಆಸೆಬಿದ್ದು ನಾಲ್ಕನೇ ಸರದಿ ತುಂಬಿದರೆ ಹೆಂಟೆಗಳ ನಡುವೆ ಲೋಳೆ ಕಟ್ಟಿ ತೊಟ್ಟಿ ಸತ್ತುಹೋಗುತ್ತದೆ, ಪೂರ್ತಿ ತೆಗೆದು ತೊಳೆದು ಮತ್ತೆ ತುಂಬಬೇಕು.

ವಾಟದ_ಮೇಸ್ತ್ರಿ

ಮೊದಲನೆಯದಕ್ಕೆ ನಾನು. ಮೂರು ಪರೀಕ್ಷೆ.

ಪೆಪ್ಪರ್‌ಮಿಂಟ್ ಎಣ್ಣೆ: ಎರಡು ಔನ್ಸು ಎಣ್ಣೆ, ಒಂದು ಗ್ಯಾಲನ್ ಕುದಿನೀರು, ಮಾಡಿನ ಮೇಲಿನ ವೆಂಟ್ ಪೈಪಿನಿಂದ ಸುರಿಯಬೇಕು, ಕೂಡಲೇ ಬಾಯಿಗೆ ಒದ್ದೆ ಬಟ್ಟೆ ತುರುಕಬೇಕು. ಇನ್ನೊಬ್ಬ ಒಳಗೆ ಕೋಣೆ ಕೋಣೆಯಲ್ಲಿ ಮೂಸುತ್ತಾನೆ. ಸುರಿದವನು ಪರೀಕ್ಷೆ ಮುಗಿಯುವವರೆಗೂ ಮಾಡಿನಿಂದ ಇಳಿಯಬಾರದು, ಶೀಸೆಯನ್ನೂ ಮನೆಯೊಳಗೆ ತರಬಾರದು. ಅವನ ಕೈ ವಾಸನೆಯೇ ಮನೆ ತುಂಬಿದರೆ ಪರೀಕ್ಷೆ ಕೆಟ್ಟಂತೆ.

ಹೊಗೆ: ಎಣ್ಣೆ ಹತ್ತಿಯ ಚಿಂದಿ ಉರಿಸಿ ತಿದಿಯಿಂದ ಚರಂಡಿಗೆ ಊದುವುದು. ಮೊದಲು ವೆಂಟ್ ಪೈಪಿನ ತುದಿಯಲ್ಲಿ ಹೊಗೆ ಕಾಣುವವರೆಗೆ ಬಿಟ್ಟು ಆಮೇಲೆ ಅದನ್ನು ಮುಚ್ಚಬೇಕು, ಇಲ್ಲದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಹೊಗೆ ಮುಂದೆ ಹೋಗುವುದೇ ಇಲ್ಲ. ಎಷ್ಟೋ ಮನೆ "ಪಾಸಾದದ್ದು" ಹೀಗೆಯೇ.

ಈ ಎರಡೂ ಗಾಳಿ ಸೋರುವುದನ್ನು ತೋರಿಸುತ್ತವೆ. ನೆಲದಡಿ, ಒದ್ದೆ ಜೇಡಿಯಲ್ಲಿ ಹೂತ ಜೋಡಣೆ ಹೊಗೆಗೆ ಸಿಗುವುದಿಲ್ಲ. ಅಲ್ಲಿಗೆ ನೀರಿನ ಪರೀಕ್ಷೆಯೇ ಬೇಕು: ಬೀದಿಗೆ ಸೇರುವ ಮುಂಚಿನ ಚೇಂಬರಿನಲ್ಲಿ ಬಿರಡೆ ಹಾಕಿ, ಮೇಲ್ಗಡೆಯ ಗಲ್ಲಿಯ (ಬಚ್ಚಲ ನೀರು ಚರಂಡಿಗೆ ಇಳಿಯುವ ಬಾಯಿಯ) ಮಟ್ಟಕ್ಕೆ ನೀರು ತುಂಬಿ ಗುರುತು ಹಾಕಿ, ಅರ್ಧದಿಂದ ಒಂದು ಗಂಟೆ ಬಿಟ್ಟು ನೋಡುವುದು. ಮೊದಲ ಕೆಲವು ನಿಮಿಷದಲ್ಲಿ ಸಿಮೆಂಟ್ ಹೀರಿ ಸ್ವಲ್ಪ ಇಳಿಯುತ್ತದೆ, ಮತ್ತೆ ತುಂಬಿ ಆಮೇಲೆ ಲೆಕ್ಕ ಹಿಡಿಯಬೇಕು. ಹಳ್ಳ ಮುಚ್ಚುವ ಮುಂಚೆಯೇ ಮಾಡಬೇಕು ಅನ್ನುವುದು ಮುಖ್ಯ. ಬಿಲ್ಡರ್ ಮುಚ್ಚಿ ಆದ ಮೇಲೆ ಕರೆದರೆ ಇನ್ಸ್‌ಪೆಕ್ಟರ್‌ಗೆ ಉಳಿಯುವುದು ಮಟ್ಟ ಇಳಿದದ್ದನ್ನು ಬರೆದುಕೊಂಡು ಮತ್ತೆ ಅಗೆಯಿರಿ ಅನ್ನುವುದೊಂದೇ, ಹಾಗೆ ಅನ್ನಲು ಬೋರ್ಡಿನ ಬೆಂಬಲವೂ ಬೇಕು.

ಚೇಂಬರೇ ಇಲ್ಲದ ಹಳೆಯ ಮನೆಯಲ್ಲಿ ಬಿರಡೆ ಹಾಕಲು ಜಾಗವೇ ಇರುವುದಿಲ್ಲ. ಆಗ ಮುಂಬಾಗಿಲ ಹೊರಗೆ ಒಂದು ಕಡೆ ಅಗೆದು ಒಂದು ತುಂಡು ಪೈಪು ತೆಗೆದು ಅಲ್ಲಿಂದ ಪರೀಕ್ಷೆ. ತೆಗೆದ ಜಾಗದಲ್ಲಿ ಹೊಸ ಚೇಂಬರ್ ಕಟ್ಟಿಸಿಯೇ ಮುಚ್ಚುವುದು ಒಳ್ಳೆಯದು.